ಕ್ಯಾಮೆರಾ ಬ್ಯಾಗಿನ ಒಳಜೇಬು

ಸೇಡಂ
೨೬ ಮೇ ೨೦೨೫

ಚಿಂಚೋಳಿಯಲ್ಲಿರುವ ನನ್ನ ಮಗಳು ಪೂನಮ್‌ಗೆ, ಸೇಡಂನಿಂದ ನಿನ್ನ ಅವ್ವನ ಜೈ ಭೀಮ್.

ಫೋನಿರುವಾಗ ಅವ್ವನಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಅಂತ ನಗಬೇಡ. ಫೋನಿನಲ್ಲಿ ನೀನು "ಹೂಂ ಯವ್ವಾ, ಹೂಂ ಯವ್ವಾ" ಅನ್ನುತ್ತ ಅತ್ತ ಒಲೆಯ ಮೇಲಿನ ಸಾರು ತಿರುವುತ್ತಿರುತ್ತೀ. ಇದು ಅರ್ಧ ಕಿವಿಯಲ್ಲಿ ಕೇಳುವ ವಿಷಯವಲ್ಲ. ನಮ್ಮ ಅಂಗನವಾಡಿಗೆ ರಜೆ ಇದೆ, ನನಗೆ ಪುರುಸೊತ್ತಿದೆ. ಕುಳಿತು ಓದು.

ವಿಷಯ ನಿನ್ನ ತಮ್ಮನ ಹೆಂಡತಿಯದು. ಲುಂಬಿನಿ ನಮ್ಮ ಮನೆಗೆ ಬಂದು ವರ್ಷವಾಗುತ್ತ ಬಂತು. ಕೆಲಸದಲ್ಲಿ ಹೆಸರಿಡುವ ಹಾಗಿಲ್ಲ, ಮಾತೂ ಮೆತ್ತಗೆ. ಆದರೂ ಮೊದಲಿನಿಂದ ನನಗೆ ಅವಳ ಮೇಲೆ ಒಂದು ಅನುಮಾನ. ಊಟಕ್ಕೆ ಕರೆದರೆ ಸಾಕು, ಹೋಗಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆಮೇಲೆಯೇ ತಟ್ಟೆಯ ಮುಂದೆ ಬರುವಳು. ದಿನಾ ಇದೇ ಪಾಠ. ಉಣ್ಣುವ ಮೊದಲು ಬಾಗಿಲು ಹಾಕಿಕೊಂಡು ಯಾರಿಗೆ ಫೋನು ಮಾಡುತ್ತಾಳೆ? ಫ್ರಿಜ್ಜಿನ ಮೂಲೆಯಲ್ಲಿ ಒಂದು ಡಬ್ಬಿ ಬೇರೆ ಇಟ್ಟಿದ್ದಳು. ಏನದು ಅಂತ ಕೇಳಿದರೆ, "ಮುಖಕ್ಕ ಹಚ್ಚೋ ಕ್ರೀಮ್ ಅದರಿ ಅತ್ತಿ, ಮುಟ್ಟಬ್ಯಾಡ್ರಿ, ಕೆಡತದ" ಅಂದಳು. ಅಷ್ಟು ಜೋಪಾನದ ಕ್ರೀಮು ಹಚ್ಚಿದ ಮುಖ ನನ್ನ ಮುಖಕ್ಕಿಂತ ಹೆಚ್ಚೇನೂ ಹೊಳೆಯುತ್ತಿರಲಿಲ್ಲ.

ಪಕ್ಕದ ಮನೆಯ ಸಂಗಣ್ಣನ ಸೊಸೆ ಗೊತ್ತಲ್ಲ, ಯಾವಾಗಲೂ ಒಂದಿಲ್ಲೊಂದು ಬೇನೆ, ಕಿಟಕಿಯ ತುಂಬ ಗುಳಿಗೆ. ನಾನು ಅವಳಿಗೆ 'ಮೆಡಿಕಲ್ ಶಾಪ್' ಅಂತ ಹೆಸರಿಟ್ಟಿದ್ದೇನೆ. ನಾನು ಹಾಗೆ ಅಂದಾಗಲೆಲ್ಲ ನಿನ್ನ ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಲುಂಬಿನಿ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು. ಈ ಹುಡುಗಿಗೆ ನಗುವುದೇ ಬರುವುದಿಲ್ಲ ಅಂದುಕೊಂಡಿದ್ದೆ.

ನಿನ್ನ ತಮ್ಮ ದೇವಾನಂದನಿಗೆ ಮಳಖೇಡದ ಕಾರ್ಖಾನೆಯಲ್ಲಿ ರಜೆ ಸಿಕ್ಕಿತು. ನಾಲ್ವರೂ ಹೈದರಾಬಾದಿಗೆ ಹೋಗಿ ಆ ದೊಡ್ಡ ಆಟದ ಪಾರ್ಕು ನೋಡಿ ಬರೋಣ ಅಂದ. ವಾಡಿಯ ಮಶಾಕನ ಸ್ಟುಡಿಯೋದಿಂದ ಅವನು ಹಳೆಯ ಕ್ಯಾಮೆರಾ ಒಂದನ್ನು ತಂದಿದ್ದ. ಅದಕ್ಕೊಂದು ಬ್ಯಾಗು ಬೇಕೇ ಬೇಕು ಅಂತ ಹಟ ಹಿಡಿದವಳು ಲುಂಬಿನಿ. ಕ್ಯಾಮೆರಾ ಅವನದು, ಹಟ ಇವಳದು! ನಾನೂ ಬರುತ್ತೇನೆ ಅಂತ ಕಲಬುರಗಿಯ ತನಕ ಅವಳ ಬೆನ್ನು ಹತ್ತಿದೆ.

ಅಲ್ಲಿ ಬ್ಯಾಗು ಮಾರುವ ಮತೀನನ ಅಂಗಡಿಯಲ್ಲಿ ಅವಳು ಬ್ಯಾಗು ಆರಿಸಿದ ಚಂದ ಕೇಳು. ಮೊದಲನೆಯದಾಗಿ, ಕ್ಯಾಮೆರಾವನ್ನೇ ತಂದಿರಲಿಲ್ಲ. ಕಾಲು ಬಿಟ್ಟು ಬಂದು ಚಪ್ಪಲಿ ಕೊಳ್ಳುವವರನ್ನು ಎಲ್ಲಿಯಾದರೂ ಕಂಡಿದ್ದೀಯಾ? ಮತೀನ ಒಳ್ಳೆಯ ಕಂದು ಬಣ್ಣದ ಬ್ಯಾಗು ತೋರಿಸಿದ, ಲೆನ್ಸಿಗೆ ಬೇರೆ ಮನೆ, ಪಟ್ಟಿಯೂ ಗಟ್ಟಿ. ಅವಳು ಅದರ ಹೊಟ್ಟೆಯೊಳಗೆ ಕೈ ಹಾಕಿ ಸವರಿ, ಬೇಡ ಅಂದಳು. ಇನ್ನೊಂದಕ್ಕೆ ಒಳಜೇಬು ಇಲ್ಲ, ಬೇಡ. ಮತ್ತೊಂದರ ಮೇಲೆ ಕಂಪನಿಯ ಹೆಸರು ದೊಡ್ಡದು, ಎಲ್ಲರ ಕಣ್ಣು ಬೀಳುತ್ತದೆ, ಬೇಡ. ಕೊನೆಗೆ ಒಳಗೆ ಬೆಳ್ಳಿ ಬಣ್ಣದ ಹಾಳೆ ಹಚ್ಚಿದ ಕರಿ ಬ್ಯಾಗು ಹಿಡಿದು, "ಬಿಸಿಲಾಗ ಇಟ್ರ ಒಳಗ ಕಾಯ್ತದೇನ್ರಿ?" ಅಂತ ಕೇಳಿದಳು. ಮತೀನ ನಕ್ಕು, "ಕ್ಯಾಮೆರಾ ಇಡ್ತೀರೋ ಕುಲ್ಫಿ ಇಡ್ತೀರೋ ಅಕ್ಕಾ?" ಅಂದ. ಅವಳು ಅಂಗಡಿಯ ಹೊರಗೆ ಹೋಗಿ ಯಾರಿಗೋ ಫೋನು ಮಾಡಿದಳು. ಬೆನ್ನು ನನ್ನ ಕಡೆ, ಬಾಯಿಗೆ ಕೈ ಅಡ್ಡ. ತಿರುಗಿ ಬಂದು, ಅದೇ ಕರಿ ಬ್ಯಾಗು ಕೊಡಿ ಅಂದಳು.

ಹೇಳು, ನಾನು ಏನು ತಿಳಿದುಕೊಳ್ಳಬೇಕಿತ್ತು? ತವರಿನಿಂದ ತಂದ ಬೋರಮಾಳ ಸರವನ್ನು ಅವಳು ಎಂದೂ ಕೊರಳಿಗೆ ಹಾಕುವುದಿಲ್ಲ. ಬಂಗಾರ ಆ ಒಳಜೇಬಿಗೆ ಹೋಗುತ್ತದೆ, ಫೋನಿನವನು ಹೈದರಾಬಾದಿನಲ್ಲಿ ಕಾಯುತ್ತಾನೆ, ಪಾರ್ಕಿನ ಗದ್ದಲದಲ್ಲಿ ಇವಳು ಮಾಯವಾಗುತ್ತಾಳೆ, ನನ್ನ ಮಗ ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡು ಬಾಯಿ ಬಿಟ್ಟು ನಿಲ್ಲುತ್ತಾನೆ. ಇದನ್ನೆಲ್ಲ ನಾನು ಕಣ್ಣಾರೆ ಕಂಡಷ್ಟೇ ನಂಬಿಬಿಟ್ಟೆ. ರೈಲಿನಲ್ಲಿ ಆ ಬ್ಯಾಗಿನ ಪಕ್ಕದಲ್ಲೇ ಕುಳಿತೆ.

ಇನ್ನು ನನ್ನ ಪ್ರತಾಪ. ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡುವುದಿಲ್ಲ ಅಂತ ಅಂಗನವಾಡಿಯ ಯಶೋಧರಾ ಮೊದಲೇ ಹೇಳಿದ್ದಳು. ನಿನ್ನ ಅಪ್ಪನಿಗೆ ರೊಟ್ಟಿ ಇಲ್ಲದೆ ಊಟ ಇಳಿಯುವುದಿಲ್ಲ. ಕಡಕ್ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡೇ ಬಂದಿದ್ದೆ. ಕ್ಯಾಮೆರಾ ಬ್ಯಾಗನ್ನು ಯಾರು ಕೆದಕಿ ನೋಡುತ್ತಾರೆ? ಬೆಳಗ್ಗೆ ಲಾಡ್ಜಿನಲ್ಲಿ ನಾಷ್ಟಾ ಮುಗಿಸಿ ಲುಂಬಿನಿ ಸ್ನಾನಕ್ಕೆ ಹೋದಾಗ ಅದನ್ನು ಬಿಚ್ಚಿದೆ. ಒಂದೇ ಏಟಿಗೆ ರೊಟ್ಟಿಯೂ ಸೇರುತ್ತದೆ, ಬಂಗಾರವೂ ಸಿಗುತ್ತದೆ. ಒಳಜೇಬಿನಲ್ಲಿ ಹಳೆ ಬಟ್ಟೆಯ ತುಂಡುಗಳಿಂದ ಹೊಲಿದ ಸಣ್ಣ ಚೀಲ ಇತ್ತು, ಬಾಯಿ ಬಿಗಿಯಾಗಿ ಕಟ್ಟಿತ್ತು. ಮುಟ್ಟಿದರೆ ತಣ್ಣಗೆ, ತೇವ. ಮತ್ತದೇ ಕ್ರೀಮು! ತೇವ ತಗುಲಿದರೆ ಕಡಕ್ ರೊಟ್ಟಿ ಮೆತ್ತಗಾಗಿ ಕೆಡುತ್ತದೆ. ಅಷ್ಟರಲ್ಲಿ ಬಚ್ಚಲಿನ ಬಾಗಿಲು ಸಪ್ಪಳವಾಯಿತು. ಚೀಲವನ್ನು ಮಂಚದ ದಿಂಬಿನ ಹಿಂದೆ ತಳ್ಳಿ, ರೊಟ್ಟಿಯನ್ನು ಅರ್ಧರ್ಧ ಮುರಿದು ಅದರ ಜಾಗಕ್ಕೆ ಇಟ್ಟು ಜಿಪ್ ಎಳೆದೆ.

ಗೇಟಿನವನು ಕ್ಯಾಮೆರಾ ನೋಡಿ ಬಿಟ್ಟುಬಿಟ್ಟ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಮಧ್ಯಾಹ್ನ ಅಪ್ಪ ಮಗ ಇಬ್ಬರೂ ನೀರಾಟಕ್ಕೆ ಇಳಿದಿದ್ದರು. ಫೋನುಗಳನ್ನು ಲಾಕರಿನಲ್ಲಿ ಇಟ್ಟಿದ್ದರು. ಉಣ್ಣೋಣ ನಡಿ ಅಂದೆ. ಲುಂಬಿನಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾತ್‌ರೂಮಿಗೆ ಹೋದಳು. ನಾನು ಹೊರಗೆ ಕಾವಲು ನಿಂತೆ. ತಿರುಗಿ ಬಂದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಇದರಾಗಿನ ಚೀಲ ಎಲ್ಲಿ ಅದರಿ ಅತ್ತಿ?"

ನಾನು ಅದಕ್ಕೇ ಕಾಯುತ್ತಿದ್ದೆ. ಬರೀ ಕ್ರೀಮಿಗೆ ಯಾರು ಇಷ್ಟು ಹೆದರುತ್ತಾರೆ? "ಯಾಕ, ಬಂಗಾರ ಇತ್ತೇನು ಅದರಾಗ?" ಅಂದೆ. ನಾಲ್ಕು ಜನ ತಿರುಗಿ ನೋಡುವಷ್ಟು ಜೋರಾಗಿಯೇ ಅಂದೆ.

"ಇನ್ಸುಲಿನ್ ಇತ್ರಿ," ಅಂದಳು. "ಕಾಲೇಜಿನಾಗ ಇದ್ದಾಗಿಂದ ನನಗ ಶುಗರ್ ಅದ. ಸೂಜಿ ತಗೊಳ್ಳದ ಉಣ್ಣಾಕ ಬರಂಗಿಲ್ಲ." ಅಲ್ಲಿಯ ತನಕ ಅವಳು ಅಳಲಿಲ್ಲ. ಆಮೇಲೆ ಬ್ಯಾಗಿನೊಳಗಿನ ರೊಟ್ಟಿ ನೋಡುತ್ತ, "ಇನ್ಮ್ಯಾಲ ನನಗೂ ಮೆಡಿಕಲ್ ಶಾಪ್ ಅಂತೀರೇನ್ರಿ?" ಅಂದಳು. ಆಗ ಅತ್ತಳು.

ಪೂನಮ್, ಬಾಗಿಲು, ಡಬ್ಬಿ, ಬೆಳ್ಳಿ ಹಾಳೆ, ಎಲ್ಲ ಒಮ್ಮೆಲೇ ತಿಳಿಯಿತು. ಅವಳ ತುಟಿ ಒಣಗಿತ್ತು, ನೀರು ಕುಡಿದಷ್ಟೂ ಸಾಲುತ್ತಿರಲಿಲ್ಲ. ಕೈ ಹಿಡಿದು ಗೇಟಿನ ಕಡೆ ನಡೆದೆ. ಹೊರಗೆ ಹೋದರೆ ತಿರುಗಿ ಬಿಡುವುದಿಲ್ಲ ಅಂತ ಗೇಟಿನವನು ಹಿಂದಿಯಲ್ಲಿ ಹೇಳಿದ. ನಿನ್ನ ಪಾರ್ಕು ನೀನೇ ಇಟ್ಟುಕೊ ಅಂತ ನಾನು ಕನ್ನಡದಲ್ಲಿ ಹೇಳಿದೆ.

ಆಟೋದಲ್ಲಿ, "ದೇವಾನಂದಗ ಏನ್ ಹೇಳೋದವ್ವ ಈಗ?" ಅಂತ ಕೇಳಿದೆ. ಗಂಡನಿಗೆ ಗೊತ್ತಾದರೆ ಹೇಗೆ ಅಂತ ನಾನು ಹೆದರಿದ್ದು ಅವಳ ಸಲುವಾಗಿ. ಅವಳು ತಲೆ ಎತ್ತಲಿಲ್ಲ. "ಅವರಿಗೆ ಗೊತ್ತದರಿ. ಲಗ್ನಕ್ಕ ಮೊದಲೇ ಹೇಳೀನಿ. ನಿಮಗ ಹೇಳಬ್ಯಾಡ ಅಂದಾರ."

ಅವಳಿಂದ ಮಗನನ್ನು ಕಾಯುತ್ತಿದ್ದೇನೆ ಅಂತ ನಾನು ತಿಳಿದಿದ್ದೆ. ಅವನು ನನ್ನಿಂದ ಹೆಂಡತಿಯನ್ನು ಕಾಯುತ್ತಿದ್ದ.

ಒಂದು ಮೆಡಿಕಲ್ ಶಾಪಿನ ಮುಂದೆ ಆಟೋ ನಿಲ್ಲಿಸಿದೆವು. ಹೌದು, ನಗು ಬಂದರೆ ನಗು. ಅವಳು ಫೋನಿನಲ್ಲಿ ಡಾಕ್ಟರರ ಚೀಟಿ ತೋರಿಸಿದಳು, ನಾನು ಮುಂದೆ ನುಗ್ಗಿ, "ನಮ್ಮ ಸೊಸಿಗಿ ಬೇಕಾಗ್ಯದ, ಲಗೂನ ಕೊಡ್ರಿ" ಅಂದೆ. ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಅವಳು ಸೂಜಿ ಚುಚ್ಚಿಕೊಂಡಳು. ನಾನು ಸೆರಗು ಅಡ್ಡ ಹಿಡಿದು ನಿಂತೆ. ಸ್ವಲ್ಪ ಹೊತ್ತು ಬಿಟ್ಟು ಅದೇ ಬೆಂಚಿನ ಮೇಲೆ ಇಬ್ಬರೂ ಆ ಕಳ್ಳ ರೊಟ್ಟಿಗಳನ್ನು ತಿಂದೆವು. ರೊಟ್ಟಿ ಕಡಕ್ಕಾಗಿಯೇ ಇತ್ತು.

ಅಪ್ಪ ಮಗ ಗಾಬರಿಯಲ್ಲಿ ನಮ್ಮನ್ನು ಹುಡುಕಿಕೊಂಡು ಲಾಡ್ಜಿಗೆ ಬಂದಾಗ, ನನಗೆ ತಲೆ ತಿರುಗಿತ್ತು ಅಂತ ಹೇಳಿದೆ. ಲುಂಬಿನಿ ನನ್ನ ಮುಖ ನೋಡಿದಳು.

ನಿನ್ನೆ ಸೇಡಂಗೆ ಬಂದೆವು. ಊಟಕ್ಕೆ ಕರೆದೆ. ಅವಳು ಎಂದಿನಂತೆ ಕೋಣೆಯ ಕಡೆ ಎದ್ದಳು. "ಇಲ್ಲೇ ಕುಂದ್ರವ್ವ, ಇಲ್ಲೇ ತಗೋ" ಅಂದೆ. ನಿನ್ನ ತಮ್ಮನ ಕೈಯಲ್ಲಿನ ತುತ್ತು ಕೈಯಲ್ಲಿಯೇ ಉಳಿಯಿತು. ನಿನ್ನ ಅಪ್ಪ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ, ಅವಳ ತಟ್ಟೆಗೆ ಪಲ್ಯ ಬಡಿಸಿದರು. ದೇವಾನಂದನ ಜೊತೆ ನಾನಿನ್ನೂ ಮಾತು ಬಿಟ್ಟಿದ್ದೇನೆ. ಸಿಟ್ಟು ಇಳಿದ ಮೇಲೆ ಮಾತಾಡುತ್ತೇನೆ. ಸಂಗಣ್ಣನ ಸೊಸೆಯ ಹೆಸರು ಸಾವಿತ್ರಿ. ಇನ್ನು ಮೇಲೆ ನಮ್ಮ ಮನೆಯಲ್ಲಿ ಅವಳಿಗೆ ಅದೇ ಹೆಸರು.

ಅಳಿಯಂದಿರಿಗೆ ಕೇಳಿದ್ದೇನೆ ಅಂತ ಹೇಳು. ಕೂಸಿಗೆ ಮುತ್ತು.

ನಿನ್ನ ಅವ್ವ,
ಸಾಬಮ್ಮ

ತಾ.ಕ.: ಅವ್ವನ ಪತ್ರ ಮುಗಿಯಿತು ಅಂತ ಉಸಿರು ಬಿಟ್ಟೆಯಾ? ಲಾಡ್ಜಿನ ದಿಂಬಿನ ಹಿಂದೆ ತಳ್ಳಿದ್ದ ಆ ಸಣ್ಣ ಚೀಲವನ್ನು ಇವತ್ತು ಒಗೆದು ಬಿಸಿಲಿಗೆ ಹಾಕಿದೆ. ಕನ್ನಡಕ ಹಾಕಿಕೊಂಡು ನೋಡಿದರೆ ಅದು ನನ್ನ ಹಸಿರು ಇಳಕಲ್ ಸೀರೆ, ನಿನ್ನ ಕೂಸಿನ ಕೌದಿಗೆ ಅಂತ ನಾನೇ ಹರಿದು ಕೊಟ್ಟದ್ದು. ಹೊಲಿಗೆಯೂ ನಾನೇ ನಿನಗೆ ಕಲಿಸಿದ ಹೊಲಿಗೆ. ಮತೀನನ ಅಂಗಡಿಯ ಹೊರಗೆ ಅವಳು ಯಾರಿಗೆ ಫೋನು ಮಾಡಿ ಬ್ಯಾಗು ಆರಿಸಿದಳು ಅನ್ನುವುದೂ ತಿಳಿಯಿತು. ಅವಳು ನಿನ್ನ ಹೆಸರು ಹೇಳಿಲ್ಲ, ಅವಳನ್ನು ಬೈಯಬೇಡ. ಚೀಲದ ಒಂದು ಮೂಲೆ ಬಿಚ್ಚಿತ್ತು, ಹೊಲಿದು ಕೊಟ್ಟಿದ್ದೇನೆ. ಅವಳು ನನಗೆ ಹೆದರಿದಳು, ಸರಿ, ಸೊಸೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ನೀನು ಯಾಕೆ ಹೆದರಿದೆ? ಅದನ್ನು ನನಗೆ ಬರೆ. ಫೋನು ಮಾಡಬೇಡ.