ಜಡ್ಜ್ ಬಾಯಿ ತೆರೆಯುವ ಮೊದಲು

ಲಿಂಡ್‌ವಿಕ್, ನಾರ್ತ್ ಡಕೋಟ
ಏಪ್ರಿಲ್ ೧೯

ಪ್ರೀತಿಯ ಸಿಗ್ನೆ,

ನಿನ್ನ ಕಾಗದ ತಲುಪಿತು. ಕಾಗದ ಅನ್ನುವಷ್ಟು ಅದರಲ್ಲಿ ಏನೂ ಇರಲಿಲ್ಲ. ನೀನು ಬರೆದದ್ದು ಇಷ್ಟೇ: ಮಾತ್ರೆ ವಿಷಯಕ್ಕೆ ನಿನ್ನ ಮೇಲೆ ಕೋಪ ಇಲ್ಲಮ್ಮ, ಆದರೆ ಜಡ್ಜ್ ಹೇಳುವ ಮೊದಲೇ ನೀನು ಯಾಕೆ ನನ್ನ ಹಿಂದೆ ಬಂದು ನಿಂತೆ, ಅದನ್ನು ಹೇಳು, ಆಮೇಲೆ ನಿನ್ನ ಹೆಸರನ್ನು ಭೇಟಿಗೆ ಬರುವವರ ಪಟ್ಟಿಗೆ ಸೇರಿಸಬೇಕೋ ಬೇಡವೋ ನೋಡುತ್ತೇನೆ. ಅಡುಗೆಮನೆಯಲ್ಲಿ ನಿಂತೇ ಓದಿದೆ. ಓದಿ ಫ್ರಿಜ್ ಮೇಲಿಟ್ಟೆ. ಆಮೇಲೆ ನಾಯಿಗೆ ಊಟ ಹಾಕಿದೆ, ನಾನೂ ಏನೋ ತಿಂದೆ, ಮಲಗಿದೆ. ಅಳು ಬರಲಿಲ್ಲ. ಈಚೆಗೆ ಏನೂ ಬರುತ್ತಿಲ್ಲ.

ಇದನ್ನು ನಿನಗಿಂತ ಮೊದಲು ಜೈಲಿನ ಅಧಿಕಾರಿಗಳು ಬಿಚ್ಚಿ ಓದುತ್ತಾರೆ. ಓದಲಿ. ಷರೀಫ್ ಆಫೀಸಿನ ಡೆಪ್ಯುಟಿಯಾಗಿ ನಮ್ಮ ಲಾಕಪ್ಪಿಗೆ ಬಂದ ಪತ್ರಗಳನ್ನು ಇಷ್ಟು ವರ್ಷ ಓದಿದವಳು ನಾನೇ. ಬೇರೆಯವರ ಗಂಡಂದಿರು ಬರೆದ ಪ್ರೇಮಪತ್ರ, ಬೇರೆಯವರ ಅಮ್ಮಂದಿರು ಬರೆದ ಬೈಗುಳ, ಎಲ್ಲವನ್ನೂ ಕಾಫಿ ಕುಡಿಯುತ್ತಾ ಓದಿದ್ದೇನೆ. ಈಗ ನನ್ನ ಸರದಿ. ಓದುವವರಿಗೆ ನಮಸ್ಕಾರ, ಇದರಲ್ಲಿ ಪಿನ್ನು ಗಿನ್ನು ಏನೂ ಇಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಹೇಳಬೇಕಾದರೆ ಫೆಬ್ರವರಿಯ ಆ ಭಾನುವಾರದಿಂದಲೇ ಶುರು ಮಾಡಬೇಕು. ನಿನಗೆ ಅರ್ಧ ಮಾತ್ರ ಗೊತ್ತು.

ಅವತ್ತು ಚರ್ಚಿನ ನೆಲಮಾಳಿಗೆಯಲ್ಲಿ ಪ್ರಾರ್ಥನೆ ಮುಗಿದ ಮೇಲಿನ ಕಾಫಿ ನಡೆದಿತ್ತು. ರಾಗ್ನಳ ಜೊತೆ ಲೋಟ ತೊಳೆಯುತ್ತಿದ್ದೆ. ಸೊಂಟದ ರೇಡಿಯೋದಲ್ಲಿ ನಮ್ಮ ಆಫೀಸಿನ ವೆಂಡೆಲ್ ಕರೆದ. ಒಬ್ಬ ಹೆಂಗಸು ಬಂದಿದ್ದಾಳೆ, ಬಾ ಅಂದ. ಅಷ್ಟೇ. ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಯಾಕೆಂದರೆ ಊರಿನ ಪ್ರತಿ ಅಡುಗೆಮನೆಯಲ್ಲೂ ನಮ್ಮ ರೇಡಿಯೋ ಕೇಳುವ ಪೆಟ್ಟಿಗೆ ಇದೆ. ಹೆಂಗಸರನ್ನು ಹಿಡಿದು ತಂದರೆ ಮೈ ತಪಾಸಣೆಗೆ ಹೆಂಗಸೇ ಬೇಕು, ನಮ್ಮ ಆಫೀಸಿನಲ್ಲಿ ಸದ್ಯಕ್ಕೆ ನಾನೊಬ್ಬಳೇ. ಏಪ್ರನ್ ಬಿಚ್ಚಿ ಹೊರಟೆ. ಆಗ ಅಲ್ಲಿದ್ದ ಹೆಂಗಸರೆಲ್ಲ ಒಮ್ಮೆಲೇ ಮಾತು ನಿಲ್ಲಿಸಿದರು. ರಾಗ್ನ ಒಂದಿಷ್ಟು ನಿಂಬೆಯ ಸಿಹಿತುಂಡುಗಳನ್ನು ಪೇಪರಿನಲ್ಲಿ ಸುತ್ತಿ ನನ್ನ ಜೇಬಿಗೆ ತುರುಕಿದಳು. ತಗೊಂಡು ಹೋಗು, ಬೇಕಾಗುತ್ತೆ ಅಂದಳು. ನಿನ್ನ ನೀಲಿ ಪಿಕಪ್ ಗಾಡಿ ಹಳ್ಳಕ್ಕೆ ಇಳಿದಿದೆ, ಓಡಿಸುವವಳು ತೂಕಡಿಸುತ್ತಿದ್ದಾಳೆ ಎನ್ನುವುದನ್ನು ಅವರೆಲ್ಲ ಚರ್ಚಿನ ಪೆಟ್ಟಿಗೆಯಲ್ಲಿ ಆಗಲೇ ಕೇಳಿಸಿಕೊಂಡಿದ್ದರಂತೆ. ಲೋಟದ ಸದ್ದಿನಲ್ಲಿ ನನಗೆ ಮಾತ್ರ ಕೇಳಿಸಿರಲಿಲ್ಲ. ಊರಿಗೆಲ್ಲ ಗೊತ್ತಾದ ಮೇಲೆ ಹೆತ್ತವಳಿಗೆ ಗೊತ್ತಾಯಿತು.

ಆಮೇಲೆ ವೆಂಡೆಲನನ್ನು ಕೇಳಿದೆ, ಫೋನಾದರೂ ಮಾಡಬಹುದಿತ್ತಲ್ಲೋ ಅಂತ. ಮಾಡಿದ್ರೆ ನೀನು ಬರ್ತಿದ್ಯಾ ಅಂದ. ಬರ್ತಿದ್ದೆ ಅಂದೆ. ಅವನು ನಂಬಲಿಲ್ಲ.

ನಾನು ಆಫೀಸಿನ ಒಳಗೆ ಬಂದಾಗ ನೀನು ಬೆಂಚಿನ ಮೇಲೆ ಕೂತಿದ್ದೆ, ಕೂದಲಲ್ಲಿ ಇನ್ನೂ ಹಿಮ ಇತ್ತು. ಹಾಯ್ ಅಮ್ಮ ಅಂದೆ. ಕಿರಾಣಿ ಅಂಗಡಿಯಲ್ಲಿ ಎದುರಾದ ಹಾಗೆ. ಷರೀಫ್ ಆರ್ವಿಲ್ ನನ್ನನ್ನು ಪಕ್ಕಕ್ಕೆ ಕರೆದು, ತಪಾಸಣೆಗೆ ಪಕ್ಕದ ಕೌಂಟಿಯಿಂದ ಬೇರೆ ಹೆಂಗಸನ್ನ ಕರೆಸ್ತೀನಿ, ಆದ್ರೆ ಹಿಮಕ್ಕೆ ರಸ್ತೆ ಮುಚ್ಚಿದೆ, ಎಷ್ಟು ಹೊತ್ತಾಗುತ್ತೋ ಗೊತ್ತಿಲ್ಲ ಅಂದ. ನೀನು ಬೆಂಚಿನಿಂದಲೇ ಕೂಗಿದೆ: ಅಮ್ಮನೇ ನೋಡ್ಲಿ ಬಿಡಿ ಆರ್ವಿಲ್, ಹೆತ್ತೋಳು, ಅವಳು ನೋಡದೇ ಇರೋದು ಏನಿದೆ. ಆರ್ವಿಲ್ ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಹೋದ. ಪಾಪ, ಆ ಮನುಷ್ಯ ಇವತ್ತಿಗೂ ನನ್ನ ಕಣ್ಣು ತಪ್ಪಿಸುತ್ತಾನೆ.

ಕೈಗವಸು ಹಾಕಿಕೊಂಡೆ. ಹೆಸರು ಕೇಳಿದೆ, ನೀನು ಹೇಳಿದೆ. ಹುಟ್ಟಿದ ದಿನ ಕೇಳಿದೆ. ನೀನೂ ಅಲ್ಲೇ ಇದ್ಯಲ್ಲಮ್ಮ ಅಂತ ನೀನು ನಕ್ಕೆ. ಕೇಳಲೇಬೇಕು ಸಿಗ್ನೆ, ಎಲ್ಲರನ್ನೂ ಕೇಳುತ್ತೇವೆ. ಕೂದಲು ನೋಡಿದೆ, ಬಾಯಿ ನೋಡಿದೆ, ಬಗಲು ನೋಡಿದೆ. ನೀನು ಎಷ್ಟು ಸೊರಗಿದ್ದೀಯ ಅಂತ ಆಗ ತಿಳಿಯಿತು. ಕಾಲುಚೀಲದ ಅಂಚು ಬಿಡಿಸಿದಾಗ ಬೆಳ್ಳಿ ಕಾಗದದಲ್ಲಿ ಸುತ್ತಿದ ಮಾತ್ರೆಗಳು ಸಿಕ್ಕವು. ನೀನು ನಗುವುದನ್ನು ನಿಲ್ಲಿಸಿದೆ. ನನ್ನ ಮುಖ ನೋಡಿದೆ. ಮೊದಲೇ ಪಶು ಆಸ್ಪತ್ರೆಯಿಂದ ಮಾತ್ರೆ ಕದ್ದ ಕೇಸಿನಲ್ಲಿ ಪ್ರೊಬೇಷನ್ ಮೇಲೆ, ಮತ್ತೆ ತಪ್ಪು ಮಾಡಬಾರದು ಎನ್ನುವ ಷರತ್ತಿನಲ್ಲಿ ಹೊರಗಿದ್ದವಳು ನೀನು. ಅದರ ಮೇಲೆ ಲಾಕಪ್ಪಿನೊಳಗೆ ಮಾತ್ರೆ ತಂದದ್ದು ಸೇರಿದರೆ ಏನಾಗುತ್ತದೆ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಮಾತ್ರೆಗಳನ್ನು ಸಾಕ್ಷ್ಯದ ತಟ್ಟೆಯ ಮೇಲಿಟ್ಟೆ.

ಮೂರನೇ ಸೆಲ್ಲಿನಲ್ಲಿ ಒಬ್ಬಳು ಹೀಗೇ ಬಚ್ಚಿಟ್ಟು ತಂದದ್ದನ್ನೆಲ್ಲ ನುಂಗಿ ಸತ್ತಿದ್ದು ನಿನಗೆ ನೆನಪಿರಬಹುದು. ತಿಂಡಿ ಕೊಡಲು ಹೋಗಿ ನೋಡಿದವಳು ನಾನೇ. ಅವಳ ನೆನಪಾಗಿ ನಿನ್ನ ಜೀವ ಉಳಿಸಲು ತಟ್ಟೆಯ ಮೇಲಿಟ್ಟೆ ಅಂತ ಬರೆದರೆ ಚೆನ್ನಾಗಿರುತ್ತದೆ. ನಮ್ಮ ಚರ್ಚಿನ ಪಾದ್ರಿಗಳೂ ಕಾರಣ ಅದೇ ಇರಬೇಕು ಅಂದರು. ಆದರೆ ನನಗೆ ಅವಳೂ ನೆನಪಾಗಲಿಲ್ಲ, ಕಾನೂನೂ ನೆನಪಾಗಲಿಲ್ಲ. ಕೈ ಇಟ್ಟಿತು, ಅಷ್ಟೇ. ಆಮೇಲೆ ರಾಗ್ನ ಕೊಟ್ಟ ಸಿಹಿಯನ್ನು ಜೇಬಿನಿಂದ ತೆಗೆದು ನಿನಗೆ ಕೊಟ್ಟೆ. ನೀನು ತಿಂದೆ. ಹಸಿದಿದ್ದೆ ಅನ್ನಿಸುತ್ತದೆ.

ಜಡ್ಜ್ ನಿನ್ನನ್ನು ಶಿಕ್ಷೆ ಹೇಳುವ ದಿನದವರೆಗೆ ನನ್ನ ಮನೆಗೆ ಕಳಿಸಿದರು. ಆ ವಾರಗಳು ಚೆನ್ನಾಗಿದ್ದವು, ಅಲ್ಲವೇ? ನೀನು ನಾಯಿಯನ್ನು ಸುತ್ತಾಡಿಸಿದೆ, ನಾನು ಹಳೆಯ ಕುರ್ಚಿಗೆ ಬಣ್ಣ ಹೊಡೆದೆ. ಜೈಲಾಗುವುದಿಲ್ಲ, ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತಾರೆ ಅಂತ ನಿನ್ನ ವಕೀಲ ಆಸೆ ಹುಟ್ಟಿಸಿದ್ದ. ನೀನು ನಂಬಿದ್ದೆ. ನಾನೂ ನಂಬಿದ್ದೆ, ಆ ದಿನ ಬೆಳಿಗ್ಗೆಯವರೆಗೆ.

ಇದು ನಿನಗೆ ಗೊತ್ತಿಲ್ಲದ ಇನ್ನೊಂದು ಅರ್ಧ. ಜಡ್ಜ್ ಯಾರನ್ನಾದರೂ ಒಳಗೆ ಕಳಿಸುವುದಿದ್ದರೆ ಅವರ ಗುಮಾಸ್ತೆ ಬೆಳಿಗ್ಗೆಯೇ ನಮಗೆ ಫೋನ್ ಮಾಡಿ, ಮಧ್ಯಾಹ್ನಕ್ಕೆ ವ್ಯಾನ್ ತಯಾರಿರಲಿ ಅಂತಾಳೆ. ಹೆಸರು ಹೇಳುವುದಿಲ್ಲ. ಅವತ್ತು ಶಿಕ್ಷೆಗೆ ಇದ್ದದ್ದು ನಿನ್ನದೊಂದೇ ಕೇಸು. ಫೋನ್ ಎತ್ತಿದವಳು ನಾನು. ಸರಿ ಅಂದೆ, ವ್ಯಾನಿಗೆ ಪೆಟ್ರೋಲ್ ಹಾಕಿಸಲು ಹೇಳಿದೆ.

ಮಧ್ಯಾಹ್ನ ಕಾರಿನಲ್ಲಿ ಕೂತು ಮೊಟ್ಟೆಯ ಸ್ಯಾಂಡ್‌ವಿಚ್ ತಿಂದೆವಲ್ಲ, ಆಗ ನನಗೆ ಗೊತ್ತಿತ್ತು. ನೀನು ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದೆ. ಏನಾಗಬಹುದು ಅನ್ಸುತ್ತೆ ಅಮ್ಮ ಅಂತ ಕೇಳಿದೆ. ಕೋಟಿನ ಮೇಲೆ ಬೀಳಿಸ್ಕೋಬೇಡ, ನೆಟ್ಟಗೆ ತಿನ್ನು ಅಂದೆ. ಆ ಹೊತ್ತಿನಲ್ಲಿ ಹೇಳಬೇಕಿತ್ತು. ಹೇಳಿದ್ದರೆ ನೀನು ಕಾರಿನಲ್ಲಿ ಅಳುತ್ತಿದ್ದೆ, ನಾನು ಕೈ ಹಿಡಿದುಕೊಳ್ಳಬಹುದಿತ್ತು. ನನ್ನ ಬಾಯಿಗೆ ಬಂದದ್ದು ಕೋಟಿನ ಮಾತು.

ಆರ್ವಿಲ್ ನನಗೆ ಮಧ್ಯಾಹ್ನದ ಮೇಲೆ ರಜ ಕೊಟ್ಟಿದ್ದ. ಇವತ್ತು ಕೋರ್ಟಿನಲ್ಲಿ ನಿನ್ನ ಕೆಲಸ ಇಲ್ಲ ಆರ್ಲಿಸ್, ಕರ್ಮಿಟ್ ನೋಡ್ಕೋತಾನೆ, ನೀನು ಜನರ ಜೊತೆ ಬೆಂಚಿನ ಮೇಲೆ ಕೂತ್ಕೋ ಅಂದಿದ್ದ. ಹೋಗಿ ನೋಡಿದೆ. ಆ ಬೆಂಚಿನ ಮೇಲೆ ನಾನು ಯಾವತ್ತೂ ಕೂತವಳಲ್ಲ. ಅಲ್ಲಿ ಕೂತವರು ಕರ್ಚೀಫು ಹಿಂಡುವುದನ್ನು ನೋಡಿದ್ದೇನೆ, ಹೇಗೆ ಕೂರಬೇಕು ಅಂತ ನನಗೆ ಗೊತ್ತಾಗಲಿಲ್ಲ. ಯೂನಿಫಾರ್ಮಿನಲ್ಲೇ ಇದ್ದೆ. ಸುಮ್ಮನೆ ಹೋಗಿ ಬಾಗಿಲ ಪಕ್ಕದ ನನ್ನ ಮಾಮೂಲಿ ಜಾಗದಲ್ಲಿ ನಿಂತೆ. ಡೆಪ್ಯುಟಿ ಕರ್ಮಿಟ್ ಆ ಕಡೆಯ ಗೋಡೆಗೆ ಸರಿದ. ಜಡ್ಜ್ ಒಳಗೆ ಬಂದಾಗ ಎಲ್ಲರೂ ಎದ್ದು ನಿಲ್ಲಿ ಅಂತ ಕೂಗಿದವಳೂ ನಾನೇ. ಯಾರೂ ತಡೆಯಲಿಲ್ಲ.

ಮಿಕ್ಕದ್ದು ನಿನಗೇ ಗೊತ್ತು. ಜಡ್ಜ್ ಥೋರ್ಸ್‌ಗಾರ್ಡ್ ಕಾಗದ ಓದಿ ಮುಗಿಸಿದರು, ಕನ್ನಡಕ ತೆಗೆದರು. ಒಬ್ಬರನ್ನು ಒಳಗೆ ಕಳಿಸುವುದಾದರೆ ಡೆಪ್ಯುಟಿ ಅವರ ಹಿಂದೆ ಬಂದು ನಿಲ್ಲಬೇಕು, ಆದರೆ ಜಡ್ಜ್ ಹೇಳಿದ ಮೇಲೆ. ನಾನು ಹೇಳುವ ಮೊದಲೇ ನಡೆದೆ. ಆ ಮರದ ನೆಲದ ಮೇಲೆ ಬೂಟಿನ ಸದ್ದು ಎಷ್ಟು ಜೋರು ಅಂತ ಇಷ್ಟು ವರ್ಷ ಗಮನಿಸಿರಲಿಲ್ಲ. ನಿನ್ನ ವಕೀಲ ನನ್ನನ್ನು ನೋಡಿ ಪೆನ್ನಿನ ಮುಚ್ಚಳ ಹಾಕಿದ. ನೀನು ತಿರುಗಿ ನೋಡಲಿಲ್ಲ. ಇನ್ನೂ ಹೇಳೇ ಇಲ್ವಲ್ಲಮ್ಮ ಅಂದೆ. ಮೆಲ್ಲಗೆ ಅಂದೆ, ಆದರೆ ಕೋರ್ಟಿಗೆಲ್ಲ ಕೇಳಿಸಿತು. ವಾಪಸ್ ಹೋಗಲು ಆಗುವುದಿಲ್ಲ, ಹಾಗೆ ಹೋದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ. ನಿಂತೆ. ಜಡ್ಜ್ ನನ್ನನ್ನು ನೋಡಿದರು, ಆಮೇಲೆ ಎರಡು ವರ್ಷ ಅಂದರು.

ಆ ಕೊನೆಯ ಗಳಿಗೆಯ ಆಸೆಯನ್ನು ನಿನ್ನಿಂದ ಕಿತ್ತುಕೊಂಡವಳು ಜಡ್ಜ್ ಅಲ್ಲ, ನಾನು. ನೀನು ಕೇಳುತ್ತಿರುವುದು ಅದೇ ತಾನೆ. ಇಪ್ಪತ್ತೆರಡು ವರ್ಷ ಅದೇ ಬಾಗಿಲ ಪಕ್ಕ ನಿಂತವಳು ನಾನು. ಆ ಮನುಷ್ಯ ಕನ್ನಡಕ ತೆಗೆದರೆ ನನ್ನ ಕಾಲು ತಾನಾಗಿ ಏಳುತ್ತದೆ. ಅಭ್ಯಾಸ. ಇಷ್ಟೇ ಕಾರಣ. ಇದು ಸಾಲದು ಅನ್ನಿಸಿದರೆ ನನ್ನ ಹೆಸರು ಬರೆಯಬೇಡ, ನಾನು ಜಗಳಕ್ಕೆ ಬರುವುದಿಲ್ಲ. ಬರೆದರೆ ಮೇ ತಿಂಗಳ ಯಾವುದಾದರೂ ಶನಿವಾರ ಬರುತ್ತೇನೆ. ನನ್ನನ್ನೂ ಅಲ್ಲಿ ಯಾರೋ ಕೈಗವಸು ಹಾಕಿಕೊಂಡು ತಡಕುತ್ತಾರೆ, ನಿನಗೆ ನಗಲು ಒಂದು ಕಾರಣವಾದರೂ ಸಿಗುತ್ತದೆ.

ನಿನ್ನ ನಾಯಿ ಪಿಕಲ್ ಚೆನ್ನಾಗಿದೆ. ನನ್ನ ಒಂದು ಮಾತನ್ನೂ ಕೇಳುವುದಿಲ್ಲ. ಹೊಟ್ಟೆ ತುಂಬಾ ತಿನ್ನು. ಅಲ್ಲಿನ ಗಂಜಿಯಲ್ಲಿ ಉಪ್ಪು ಇರುವುದಿಲ್ಲ ಅಂತ ಕೇಳಿದ್ದೇನೆ, ಆದರೂ ತಿನ್ನು.

ನಿನ್ನ ಅಮ್ಮ,
ಆರ್ಲಿಸ್

ಮತ್ತೆ: ಲಕೋಟೆ ಅಂಟಿಸಿ ಆಗಿತ್ತು, ಬಿಚ್ಚಿದ್ದೇನೆ. ಅಭ್ಯಾಸ ಅಂತ ಮೇಲೆ ಬರೆದದ್ದು ನಿಜವಲ್ಲ. ಜಡ್ಜ್ ಕನ್ನಡಕ ತೆಗೆದಾಗ ಕರ್ಮಿಟ್ ಆಗಲೇ ಸೊಂಟದಿಂದ ಕೋಳ ಬಿಚ್ಚಿ ಗೋಡೆ ಬಿಟ್ಟು ಹೊರಟಿದ್ದ. ಹುಡುಗ ಕೆಟ್ಟವನಲ್ಲ, ಆದರೆ ಯಾರೇ ಆಗಲಿ ಮೇಜಿನ ಮೇಲೆ ಬಗ್ಗಿಸಿ, ಕೈ ಹಿಂದಕ್ಕೆ ಎಳೆದೇ ಕೋಳ ಹಾಕುತ್ತಾನೆ. ನಿನ್ನನ್ನು ಬೇರೆ ಯಾರೂ ಹಾಗೆ ಮುಟ್ಟುವುದು ನನಗೆ ಬೇಡವಾಗಿತ್ತು. ಅವನಿಗಿಂತ ಮೊದಲು ನಿನ್ನನ್ನು ಮುಟ್ಟಲೇಬೇಕಿತ್ತು, ಅದಕ್ಕೇ ನಡೆದೆ. ನಾನು ನಿನಗೆ ಕೋಳ ಹಾಕಿದ್ದು ಕೈ ಮುಂದೆ ಇಟ್ಟು, ನೆನಪಿದೆಯಾ? ಒಂದು ಬೆರಳು ಒಳಗೆ ತೂರಿಸಿ ಬಿಗಿ ಆಗಿಲ್ಲ ತಾನೆ ಅಂತ ನೋಡಬೇಕು, ಅದು ನಿಯಮ. ನೋಡಿದ ಮೇಲೆ ಬೆರಳು ತೆಗೆಯಬೇಕು. ವ್ಯಾನಿನ ಬಾಗಿಲವರೆಗೂ ನಾನು ತೆಗೆಯಲಿಲ್ಲ. ನೀನು ಹೋದ ಮೇಲೆ ಕರ್ಮಿಟ್ ಬಂದು, ಅಷ್ಟೇನು ಅವಸರ ಇತ್ತು ಆರ್ಲಿಸ್ ಅಂತ ಕೇಳಿದ. ಅಭ್ಯಾಸ ಕಣೋ ಅಂದೆ.