ಓಡಿಹೋದ ರಾಜಕುಮಾರನ ಅಕ್ಕ

ನವೆಂಬರ್ ೯, ಭಾನುವಾರ. ಡುಲೂತ್

ಮೂರು ವಾರದಿಂದ ಕೊರೆಯುತ್ತಿದ್ದ ದಿಗಿಲು ಇವತ್ತು ಇಳಿಯಿತು. ಮಧ್ಯಾಹ್ನ ತಮ್ಮ ಆರ್ವಿಡ್ ಫೋನ್ ಮಾಡಿದ.

ಅಚ್ಚಿಗೆ ಹೋಗುವ ಮುಂಚೆ ಅವನೂ ಓದಲಿ ಎಂದು ನನ್ನ ಕಾದಂಬರಿ ಕಳಿಸಿದ್ದೆ. ಅದರಲ್ಲಿ ರಾಜಕುಮಾರ ಕಾಯಿಲೆಯ ತಾಯಿಯನ್ನು ಬಿಟ್ಟು, ಕೋಟೆಯ ಹಿಂಬಾಗಿಲು ತೆರೆದು ಓಡಿಹೋಗುತ್ತಾನೆ. ಮಾಟಗಾತಿಯ ಸೇನೆ ಅಲ್ಲಿಂದಲೇ ನುಗ್ಗುತ್ತದೆ. ಅವನ ಅಕ್ಕ ಒಬ್ಬಳೇ ನಿಂತು ಹೋರಾಡುತ್ತಾಳೆ. ಅಮ್ಮನ ಕೊನೆಯ ಚಳಿಗಾಲದಲ್ಲಿ ಆರ್ವಿಡ್ ಅರಿಜೋನಾಕ್ಕೆ ಹೊರಟುಹೋಗಿದ್ದ. ಆ ರಾಜಕುಮಾರ ಯಾರೆಂದು ಅವನಿಗೆ ಗೊತ್ತಾಗದೆ ಇರುತ್ತದೆಯೇ?

ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವನು, "ಅಕ್ಕಾ, ಓಡೋ ಮುಂಚೆ ಆ ಹುಡುಗ ಮೂರು ಸಲ ತಾಯಿ ಕೋಣೆ ಹೊರಗೆ ಬಂದು ನಿಂತ್ಕೋತಾನಲ್ಲ, ಅದು ನಿಂಗೆ ಹೇಗೆ ಗೊತ್ತಾಯ್ತು?" ಎಂದ.

ನನಗೆ ಗೊತ್ತಿರಲಿಲ್ಲ. ಖಳನಿಗೂ ಒಂದು ಭಯ ಕೊಡು ಎಂದು ಸಂಪಾದಕಿ ಹಟ ಹಿಡಿದದ್ದಕ್ಕೆ ಬರೆದದ್ದು. ಅವಳ ಹೊಟ್ಟೆ ತಣ್ಣಗಿರಲಿ.

"ಆದ್ರೆ ನಿನ್ನ ನಾಯಕಿ ಸುಳ್ಳು ಕಣೇ. ಅವಳಿಗೆ ಒಂದು ಸಲಾನೂ ಓಡ್ಹೋಗ್ಬೇಕು ಅನ್ಸಲ್ವಾ?"

ಹನ್ನೊಂದು ವರ್ಷ ಯಾರಿಗೂ ಹೇಳದ್ದು ಬಾಯಿಂದ ಬಂದೇಬಿಟ್ಟಿತು. "ನಾನೂ ಬ್ಯಾಗ್ ತುಂಬಿಟ್ಟಿದ್ದೆ ಕಣೋ. ನೀನು ಒಂದು ದಿನ ಮುಂಚೆ ಹೋದೆ. ಅದಕ್ಕೇ ನಾನು ಉಳ್ಕೊಂಡೆ."

ಅವನು ಮೆಲ್ಲಗೆ, "ಸದ್ಯ, ನಾನೇ ಮೊದಲು ಹೋದೆ. ನಂಗೆ ಸೂಪ್ ಬಿಸಿ ಮಾಡೋಕೂ ಬರ್ತಿರ್ಲಿಲ್ಲ. ಅಮ್ಮ ಉಪವಾಸ ಇರ್ಬೇಕಾಗ್ತಿತ್ತು," ಎಂದ. ಇಬ್ಬರಿಗೂ ನಗು ಬಂತು. ನಗುತ್ತ ನಗುತ್ತ ಅವನು ಅತ್ತುಬಿಟ್ಟ.

ಕ್ಷಮಿಸು ಎಂದು ಅವನು ಕೇಳಲಿಲ್ಲ, ನಾನೂ ಕೇಳಲಿಲ್ಲ. ಆದರೂ ಅವನು ಪೂರ್ತಿ ಓದಿದನಲ್ಲ, ಓದಿ ನನ್ನನ್ನೇ ಕರೆದನಲ್ಲ. ಇಷ್ಟು ವರ್ಷ ಒಳ್ಳೆಯವಳಾಗಿ ಎಷ್ಟು ದಣಿದಿದ್ದೆ ಎಂದು ಈಗ, ಇದನ್ನು ಬರೆಯುವಾಗ ಗೊತ್ತಾಗುತ್ತಿದೆ.