ನಾಲ್ಕು ಫಾರ್ಮು, ಒಂದೇ ಕೈ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 11.10

ಸುಳ್ಳು ಬರೆದಿದ್ದಾರೆ. ಅಪ್ಪನ ಫಾರ್ಮಿನಲ್ಲಿ. ಕಣ್ಣಾರೆ ನೋಡಿದೆ.

ಎಂದಿನಂತೆ ಡಯಾಲಿಸಿಸ್ ಮುಗಿಯುವ ಹೊತ್ತಿಗೆ ಒಳಗೆ ಬಿಟ್ಟರು. ಅಲ್ಲಿಯವರೆಗೆ ಮನೆಯವರೆಲ್ಲ ಹೊರಗಿನ ಬೆಂಚಿನಲ್ಲೇ. ಚಪ್ಪಲಿ ಬಿಚ್ಚಿ, ಕೈ ತೊಳೆದು ಹೋದೆ. ಹಾಸಿಗೆಯ ಕಾಲ ಬಳಿ ಪ್ಯಾಡ್ ನೇತಾಡುತ್ತಿತ್ತು. ‘ಈ ತಿಂಗಳು ನಿಮಗೆ ಹೇಗಿತ್ತು?’ ಇಪ್ಪತ್ತು ಪ್ರಶ್ನೆ. ಸೊನ್ನೆ ಎಂದರೆ ಇಲ್ಲವೇ ಇಲ್ಲ, ನಾಲ್ಕು ಎಂದರೆ ತಡೆಯಲಾರದಷ್ಟು. ತುರಿಕೆ — ಸೊನ್ನೆಗೆ ಸುತ್ತು. ನಿದ್ರೆ ಬಾರದಿರುವುದು — ಸೊನ್ನೆ. ಕಾಲು ಹಿಡಿದುಕೊಳ್ಳುವುದು, ದಣಿವು, ಮನಸ್ಸಿಗೆ ಬೇಸರ — ಸೊನ್ನೆ, ಸೊನ್ನೆ, ಸೊನ್ನೆ.

ಅಪ್ಪನಿಗೆ ತುರಿಕೆ ಇಲ್ಲವಂತೆ! ಇವತ್ತು ಬೆಳಿಗ್ಗೆ ಅಂಗಿ ತೊಡಿಸುವಾಗ ಬೆನ್ನು ನೋಡಿದೆ. ಬೆಕ್ಕು ಪರಚಿದ ಹಾಗಿದೆ. ರಿಪೇರಿಗೆ ಬಂದ ಟೇಬಲ್ ಫ್ಯಾನುಗಳ ನಡುವೆ ಕುಳಿತು ಸ್ಕ್ರೂಡ್ರೈವರಿನ ಹಿಡಿಯಿಂದ ಕೆರೆದುಕೊಳ್ಳುತ್ತಾನೆ. ಬಾಯಲ್ಲಿ ಸದಾ ತುಕ್ಕಿನ ರುಚಿ ಎನ್ನುತ್ತಾನೆ. ಮಲಗಿದರೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಮೂರು ವರ್ಷವಾಯಿತು, ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ. ಮನೆಗೆ ಬಂದಾಗ ಹಿಂಡಿ ಹಾಕಿದ ಬಟ್ಟೆ.

ಉಳಿದ ಮೂರು ಹಾಸಿಗೆಯ ಪ್ಯಾಡುಗಳನ್ನೂ ನೋಡಿದೆ. ಮೇಷ್ಟ್ರು, ಬಟ್ಟೆ ಅಂಗಡಿಯ ಅಕ್ಕ, ಡ್ರೈವರ್ — ಎಲ್ಲರಿಗೂ ಸೊನ್ನೆ. ನಾಲ್ವರಿಗೂ ಒಂದು ನೋವೂ ಇಲ್ಲ. ಮತ್ತೆ ಇಲ್ಲಿಗೆ ಬರುವುದು ಹವಾ ಬದಲಾವಣೆಗೋ?

ಫೋನಿನಲ್ಲಿ ಫೋಟೊ ತೆಗೆದೆ. ಟೆಕ್ನಿಷಿಯನ್ ಹಿಂದಿನಿಂದ ಬಂದು ಪ್ಯಾಡುಗಳನ್ನು ಒಟ್ಟು ಮಾಡಿಕೊಂಡ.

“ಅದು ನೀವು ಓದೋದಲ್ಲ ಮೇಡಂ.”

ಯಾಕೆ? ಯಾರು ಓದಬೇಕಾದದ್ದು?


ಮಾರ್ಚ್ 4, ಮಂಗಳವಾರ. ಮಧ್ಯಾಹ್ನ, ಪ್ರೆಸ್ಸಿನಲ್ಲಿ

ಊಟದ ಬಿಡುವಿನಲ್ಲಿ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ನಾಲ್ಕು ವರ್ಷದಿಂದ ಕರಡು ತಿದ್ದುವ ಕಣ್ಣು ಇದು. ಅಲ್ಪವಿರಾಮ ಬೇರೆ ಅಚ್ಚಿನದಾದರೂ ಹಿಡಿಯುತ್ತೇನೆ.

ನಾಲ್ಕು ಫಾರ್ಮಿನ ಸುತ್ತುಗಳೂ ಒಂದೇ ಕೈಯವು. ಕೆಳಗಿನಿಂದ ಶುರುವಾಗಿ ಎಡಕ್ಕೆ ಏರುತ್ತವೆ, ಕೊನೆಗೆ ಕೂಡುವುದಿಲ್ಲ. ಕೂದಲೆಳೆಯಷ್ಟು ಬಾಯಿ ಬಿಟ್ಟಿರುತ್ತವೆ. ಎಂಬತ್ತು ಸುತ್ತು, ಎಂಬತ್ತೂ ಹಾಗೇ.

ಒಬ್ಬನೇ ಕುಳಿತು ನಾಲ್ಕು ಜನರ ಮೈನೋವನ್ನು ಅಳಿಸಿದ್ದಾನೆ. ಅಲ್ಲಿ ಪೆನ್ನು ಹಿಡಿದು ಓಡಾಡುವವನು ಒಬ್ಬನೇ, ಟೆಕ್ನಿಷಿಯನ್. ಕೇಳುವ ತೊಂದರೆ ಯಾಕೆ, ಸುತ್ತು ಹಾಕಿದರಾಯಿತು. ಮೇಲಿನವರಿಗೂ ಖುಷಿ, ನಮ್ಮ ಸೆಂಟರಿನಲ್ಲಿ ಎಲ್ಲರೂ ಸುಖ!

ಹೋದ ವಾರ ನಾನೇ ತಿದ್ದಿದ ಕರಪತ್ರದಲ್ಲಿ ಇತ್ತು: ನಿನ್ನ ಪರವಾಗಿ ಯಾರೋ ಉತ್ತರ ಬರೆಯುತ್ತಿದ್ದರೆ ಮೊದಲು ಅವನ ಕೈ ಹಿಡಿ. ಅಡಿಗೆರೆ ಎಳೆದು ಇಟ್ಟುಕೊಂಡಿದ್ದೇನೆ.

ಪ್ರೆಸ್ಸಿನ ಯಜಮಾನರು ಇಣುಕಿ ನೋಡಿದರು. “ಏನಮ್ಮ, ಇವತ್ತು ಯಾರ ಸರ್ಕಾರ ಬೀಳಿಸ್ತಿದ್ದೀಯ?”

ನಗಲಿಲ್ಲ ನಾನು.


ಮಾರ್ಚ್ 5, ಬುಧವಾರ. ಮಧ್ಯಾಹ್ನ 12.30

ಇವತ್ತು ಹತ್ತು ನಿಮಿಷ ಮೊದಲೇ ಒಳಗೆ ನುಗ್ಗಿದೆ. ಬಾಗಿಲ ಹತ್ತಿರವೇ ಡ್ರೈವರ್ ಕೂಗಿದ, “ಬಂತಪ್ಪಾ ಕರಪತ್ರ!” ಅಲ್ಲಿ ನನ್ನ ಹೆಸರು ಅದೇ.

ಮೇಷ್ಟ್ರನ್ನು ನೇರ ಕೇಳಿದೆ. “ಸಾರ್, ನಿಮಗೆ ತುರಿಕೆ ಇಲ್ವಾ?”

“ಮೂವತ್ತು ವರ್ಷ ಪ್ರಶ್ನೆ ಕೇಳಿದೋನು ನಾನು. ಈಗ ನನಗೇ ಪರೀಕ್ಷೆನಾ?”

“ಇದೆಯೋ ಇಲ್ವೋ ಹೇಳಿ.”

“ಇಲ್ಲಮ್ಮ.” ಹಾಗೆ ಹೇಳುತ್ತಲೇ ಹಿಮ್ಮಡಿಯನ್ನು ಮಂಚದ ಕಂಬಿಗೆ ಉಜ್ಜುತ್ತಿದ್ದರು.

ಅಕ್ಕನ ಹತ್ತಿರ ಹೋದೆ. ನಿದ್ರೆ ಹೇಗಿದೆ ಅಂದೆ. ಅವರು ಅಪ್ಪನ ಮುಖ ನೋಡಿದರು. ಅಪ್ಪ ಮೆಶಿನ್ನಿನ ಕೆಂಪು ದೀಪ ನೋಡಿದ. ಡ್ರೈವರ್ ಸೀಲಿಂಗ್ ನೋಡಿದ. ಅಷ್ಟರಲ್ಲಿ ಟೆಕ್ನಿಷಿಯನ್ ಬಂದ. ನಾಲ್ವರೂ ಏಕಕಾಲಕ್ಕೆ ಬಿಸಿಲಿನ ಬಗ್ಗೆ ಮಾತು ತೆಗೆದರು.

ಹೆದರಿಸಿದ್ದಾನೆ. ಖಂಡಿತ. ಸೂಜಿ ಚುಚ್ಚುವವನ ಕೈಯಲ್ಲಿ ಇವರ ಜೀವ. ಎದುರು ಮಾತಾಡಿದರೆ ನಾಳೆ ಎಲ್ಲಿ ಚುಚ್ಚುತ್ತಾನೋ ಎಂಬ ಭಯ.

ಮನೆಗೆ ಬರುವಾಗ ಆಟೊದಲ್ಲಿ ಕೇಳಿದೆ. “ಅಪ್ಪಾ, ಅವನು ನಿಮ್ಮನ್ನೆಲ್ಲ ಗದರಿಸ್ತಾನಾ?”

“ಯಾರು, ಅವನಾ?” ಅಪ್ಪ ಕಣ್ಣು ಮುಚ್ಚಿಕೊಂಡ. “ಸುಸ್ತಾಗಿದೆ ಪುಟ್ಟಿ. ಬಿಡು.”

ದಣಿವು — ಸೊನ್ನೆ!


ಮಾರ್ಚ್ 7, ಶುಕ್ರವಾರ

ಕಾಗದ ಕೊಟ್ಟೆ. ಸೆಂಟರಿನ ಡಾಕ್ಟರ ಕೈಗೇ. ಎರಡು ಪುಟ, ಟೈಪ್ ಮಾಡಿ, ಫೋಟೊಗಳ ಸಮೇತ. ‘ನಾಲ್ಕೂ ಫಾರ್ಮುಗಳನ್ನು ಒಂದೇ ಕೈ ತುಂಬಿದೆ. ರೋಗಿಗಳ ಬಾಯಿ ಮುಚ್ಚಿಸಲಾಗಿದೆ.’ ಟೆಕ್ನಿಷಿಯನ್ನನ ಹುದ್ದೆಯನ್ನು ಸ್ಪಷ್ಟವಾಗಿ ಬರೆದೆ. ಅಡ್ಡಗೋಡೆಯ ಮೇಲೆ ದೀಪ ಇಡುವ ಅಭ್ಯಾಸ ನನಗಿಲ್ಲ.

ಡಾಕ್ಟರು ಫೋಟೊಗಳನ್ನು ಬಹಳ ಹೊತ್ತು ನೋಡಿದರು. “ಒಂದೇ ಕೈ. ಅದೇನೋ ನಿಜ” ಎಂದರು.

ಅಪ್ಪನಿಗೆ ಹೇಳಿಲ್ಲ.


ಮಾರ್ಚ್ 10, ಸೋಮವಾರ. ಬೆಳಿಗ್ಗೆ 7.40

ಟೆಕ್ನಿಷಿಯನ್ ಇಲ್ಲ! ಸಾಮಾನು ಇಡುವ ಸ್ಟೋರಿಗೆ ಹಾಕಿದ್ದಾರಂತೆ. ವಿಚಾರಣೆ ಮುಗಿಯುವವರೆಗೆ ರೋಗಿಗಳ ಹತ್ತಿರ ಬರುವಂತಿಲ್ಲ. ಬೇರೆ ಹುಡುಗಿ ಬಂದಿದ್ದಾಳೆ. ಒಂದು ಕಾಗದದ ಶಕ್ತಿ.

ಮಧ್ಯಾಹ್ನ 2.00



ಎಂಟೂವರೆಗೆ ಒಳಗಿನಿಂದ ಕರೆದರು. ಅಪ್ಪನ ಎಡಗೈ ಮೊಣಕೈಯಿಂದ ಮೇಲೆ ಊದಿಕೊಂಡು ಬದನೆಕಾಯಿಯ ಬಣ್ಣ. ಆ ಹುಡುಗಿ ಮೂರು ಸಲ ಚುಚ್ಚಿದ್ದಾಳೆ. ಮೂರನೆಯ ಸಲ ಸೂಜಿ, ಡಯಾಲಿಸಿಸ್‌ಗೆಂದೇ ಆಪರೇಷನ್ ಮಾಡಿ ಕೂಡಿಸಿದ ನಾಳದ ಆಚೆ ಬದಿಗೆ ತೂರಿ ರಕ್ತ ಒಳಗೇ ಹರಿಯಿತು. ಅವಳೂ ಅಳುತ್ತಿದ್ದಳು. “ಇವರ ನಾಳ ಒಳಗೆ ತಿರುಗಿದೆ ಮೇಡಂ, ಟೆಕ್ನಿಷಿಯನ್ ಅಣ್ಣನಿಗೆ ಮಾತ್ರ ಗೊತ್ತು...”

ಇವತ್ತು ಡಯಾಲಿಸಿಸ್ ಇಲ್ಲ. ಊತ ಇಳಿಯದಿದ್ದರೆ ಕತ್ತಿನಲ್ಲಿ ಟ್ಯೂಬ್ ಹಾಕಬೇಕು ಎಂದರು. ಈ ಕೈ ಕೆಟ್ಟರೆ ಬಲಗೈ ಒಂದೇ ಉಳಿಯುವುದು. ಆ ಕೈಯಲ್ಲಿ ಅಪ್ಪ ಸ್ಕ್ರೂಡ್ರೈವರ್ ಹಿಡಿಯುತ್ತಾನೆ.

ಸಂಜೆ 6.00

ಐಸ್ ಇಡುತ್ತಿದ್ದೆ. ಅಪ್ಪ ಕೇಳಿದ, “ಅವನನ್ನ ಯಾಕೆ ಸ್ಟೋರಿಗೆ ಹಾಕಿದ್ರು ಗೊತ್ತಾ?”

ಹೇಳಿಬಿಟ್ಟೆ. ಹೆಮ್ಮೆಯಿಂದಲೇ ಶುರು ಮಾಡಿದೆ. ಫೋಟೊ ತೋರಿಸಿದೆ. ಬಾಯಿ ಬಿಟ್ಟ ಸುತ್ತುಗಳನ್ನು ತೋರಿಸಿದೆ.

ಅಪ್ಪ ಬಲಗೈಯಿಂದ ಫೋನು ತೆಗೆದುಕೊಂಡು ಕಣ್ಣ ಹತ್ತಿರ ಹಿಡಿದ. ಆಮೇಲೆ ಟೇಬಲ್ಲಿನ ಮೇಲಿದ್ದ ರಶೀದಿ ಪುಸ್ತಕದ ಹಿಂಬದಿಯಲ್ಲಿ ಒಂದು ಸುತ್ತು ಹಾಕಿದ. ಕೆಳಗಿನಿಂದ, ಎಡಕ್ಕೆ ಏರಿ, ಕೂಡದೆ ನಿಂತಿತು.

“ಇದು ತಾನೇ ನಿನ್ನ ಕಳ್ಳ?”

ನಾನು ಐಸ್ ಹಿಡಿದುಕೊಂಡೇ ಇದ್ದೆ.

“ಮೇಷ್ಟ್ರಿಗೂ ಅಕ್ಕನಿಗೂ ಸೂಜಿ ಇರೋದು ಬಲಗೈಗೆ. ನಾಲ್ಕು ಗಂಟೆ ಅಲ್ಲಾಡಿಸೋ ಹಾಗಿಲ್ಲ. ಡ್ರೈವರಿಗೆ ಪೆನ್ನು ಕಂಡ್ರೆ ಜ್ವರ. ಬಲಗೈ ಖಾಲಿ ಇರೋನು ನಾನೊಬ್ಬ. ಅವರು ಹೇಳ್ತಾರೆ, ನಾನು ಹಾಕ್ತೀನಿ.”

“ಅವರು ಸೊನ್ನೆ ಅಂತ ಹೇಳ್ತಾರಾ? ನೀನೂನಾ?”

“ಹೂಂ.”

“ಯಾಕಪ್ಪಾ?”

“ಬುಧವಾರ ಅಕ್ಕನನ್ನೇ ಕೇಳು. ಅವಳು ಒಪ್ಪಿದ್ರೆ ಹೇಳ್ತಾಳೆ. ಅವಳ ಮಾತು ನಾನು ಆಡಬಾರದು.”

ಕರಡು ತಿದ್ದುವ ಕಣ್ಣಂತೆ. ನಾಲ್ಕು ವರ್ಷದ ಅಭ್ಯಾಸವಂತೆ. ಅಕ್ಷರವಾಗಿದ್ದರೆ ಗುರುತಿಸುತ್ತಿದ್ದೆ. ಅಪ್ಪ ಸುತ್ತು ಹಾಕುವುದನ್ನು ಇಪ್ಪತ್ಮೂರು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ.


ಮಾರ್ಚ್ 12, ಬುಧವಾರ

ಊತ ಅರ್ಧ ಇಳಿದಿದೆ. ಹಿರಿಯ ಡಾಕ್ಟರು ತಾವೇ ಬಂದು ಚುಚ್ಚಿದರು. ಒಂದೂವರೆ ಗಂಟೆ ಓಡಿ ಮೆಶಿನ್ ಕೂಗಿಕೊಂಡಿತು, ನಿಲ್ಲಿಸಿದರು. ಪ್ರತಿ ಸಲ ತಾವು ಬರಲಾಗದು ಎಂದರು. ಅಪ್ಪನ ಮುಖ ಉಬ್ಬಿದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

ಡ್ರೈವರ್ ಇವತ್ತು ಕರಪತ್ರ ಎನ್ನಲಿಲ್ಲ. ಮುಖ ತಿರುಗಿಸಿಕೊಂಡ.

ಅಕ್ಕ ಮಾತ್ರ ಹತ್ತಿರ ಕರೆದರು. “ಕೂತ್ಕೋ. ಎರಡು ವರ್ಷದ ಹಿಂದೆ ನಾನು ನಿಜ ಹೇಳಿದ್ದೆ ಕಣೆ. ದಣಿವು ನಾಲ್ಕು, ನಿದ್ರೆ ನಾಲ್ಕು, ಬೇಸರ ನಾಲ್ಕು. ಮೊತ್ತ ಜಾಸ್ತಿ ಬಂದ್ರೆ ಮನೆಯವರನ್ನ ಕರೆಸಿ ಹೇಳ್ತಾರೆ, ಅದು ಇಲ್ಲಿನ ಪದ್ಧತಿ. ಮಗನನ್ನ ಕರೆಸಿದ್ರು. ಪಾಪ, ಒಳ್ಳೆ ಹುಡುಗ. ಅಳ್ತಾ ಬಂದ. ಮಾರನೇ ದಿನ ಅಂಗಡಿ ಬೀಗದ ಕೈ ಇಸ್ಕೊಂಡ. ಅಮ್ಮಾ ನೀನು ಆರಾಮಾಗಿರು ಅಂದ. ಒಲೆ ಹತ್ರ ಸೊಸೆ ಬಿಡಲ್ಲ. ಮದುವೆಗೆ ಕರ್ಕೊಂಡು ಹೋಗಲ್ಲ, ಸುಸ್ತಾಗುತ್ತಂತೆ. ಈಗ ನನ್ನನ್ನ ಕಿಟಕಿ ಹತ್ರ ಕೂರಿಸಿ ಹೋಗ್ತಾರೆ, ಹೂವಿನ ಕುಂಡ ಇಟ್ಟ ಹಾಗೆ.”

ಮೇಷ್ಟ್ರು ಆ ಕಡೆಯಿಂದ ಹೇಳಿದರು, “ಅವತ್ತೇ ನಾವು ನಾಲ್ವರೂ ತೀರ್ಮಾನ ಮಾಡಿದ್ವಿ. ತುರಿಕೆ ಆದ್ರೆ ಕೆರ್ಕೋಬಹುದು. ಮನೆಯವರ ಕಣ್ಣಲ್ಲಿ ಮರುಕ ತುಂಬ್ಕೊಂಡ್ರೆ ಏನು ಕೆರ್ಕೊಳ್ಳೋದಮ್ಮ?”

“ಟೆಕ್ನಿಷಿಯನ್ನಿಗೆ ಗೊತ್ತಿತ್ತಾ?”

“ಪೆನ್ನು ಕೊಡ್ತಿದ್ದವನೇ ಅವನು. ಪ್ರತಿ ತಿಂಗಳೂ ಬೈತಿದ್ದ. ನಿಜ ಬರೆಸಿ, ತುರಿಕೆಗೆ ಔಷಧಿ ಇದೆ ಅಂತ. ನಾವು ಬಾಯಿ ಬಿಡಬೇಡ ಅಂತ ಆಣೆ ಹಾಕ್ಸಿದ್ವಿ.”

ತುರಿಕೆಗೆ ಔಷಧಿ ಇದೆ. ಎರಡು ವರ್ಷ ಅಪ್ಪನ ಬೆನ್ನು...

ಇವರ ಮಾತನ್ನು ನಂಬಲೇ? ಎಲ್ಲ ಸೇರಿ ಅವನನ್ನು ಉಳಿಸುತ್ತಿದ್ದರೆ?


ಮಾರ್ಚ್ 13, ಗುರುವಾರ

ಸ್ಟೋರಿಗೆ ಹೋದೆ. ಪೆಟ್ಟಿಗೆಗಳ ನಡುವೆ ಕುಳಿತು ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಿದ್ದ.

“ಡಾಕ್ಟರು ಕೇಳಿದಾಗ ಯಾಕೆ ಹೇಳಲಿಲ್ಲ, ಬರೆದಿದ್ದು ನೀವಲ್ಲ ಅಂತ?”

“ಯಾರು ಅಂತ ಆಮೇಲೆ ಕೇಳ್ತಿದ್ರಲ್ಲ.” ತಲೆ ಎತ್ತಲಿಲ್ಲ. “ನಿಮ್ಮಪ್ಪನ ಕೈ ತಣ್ಣಗಿದೆಯಾ ಬೆಚ್ಚಗಿದೆಯಾ? ಬೆರಳು ಜೋಮು ಹಿಡಿಯುತ್ತಾ?”

“ಬೆಚ್ಚಗಿದೆ.”

“ನಾಳದ ಮೇಲೆ ಕಿವಿ ಇಟ್ಟು ಕೇಳಿ. ಗುಂಯ್ ಅಂತಿರಬೇಕು. ನಿಂತ್ರೆ ತಕ್ಷಣ ಕರ್ಕೊಂಡು ಬನ್ನಿ.”

ಇವನ ಮೇಲೆ ಇನ್ನೇನಾದರೂ ಅನುಮಾನ ಸಿಗುತ್ತದೆಯೇ ಎಂದು ದಾರಿಯುದ್ದಕ್ಕೂ ಹುಡುಕಿದೆ. ಸಿಕ್ಕಿದ್ದರೆ ಎಷ್ಟು ಹಗುರವಾಗುತ್ತಿತ್ತು.

ಮನೆಯಲ್ಲಿ ಅಪ್ಪನ ತೋಳಿಗೆ ಕಿವಿ ಇಟ್ಟೆ. ಸಣ್ಣ ಮೋಟರಿನ ಹಾಗೆ ಓಡುತ್ತಿದೆ.


ಮಾರ್ಚ್ 14, ಶುಕ್ರವಾರ

ಇವತ್ತೂ ಪೂರ್ತಿ ಆಗಲಿಲ್ಲ. ಎರಡು ಗಂಟೆ ಅಷ್ಟೇ. ಮಂಗಳವಾರದೊಳಗೆ ಸರಿಹೋಗದಿದ್ದರೆ ಕತ್ತಿಗೆ ಟ್ಯೂಬ್ ಎಂದು ಫೈಲಿನಲ್ಲಿ ಬರೆದರು.

ಡಾಕ್ಟರ ಬಳಿ ಹೋಗಿ, ನನ್ನ ಕಾಗದ ವಾಪಸ್ ಕೊಡಿ, ಅದು ತಪ್ಪು ಎಂದೆ.

“ಒಂದೇ ಕೈ ಅಂತ ಸಾಬೀತು ಮಾಡಿದ್ದೇ ನೀವು. ಹಾಗಾದ್ರೆ ಯಾರ ಕೈ?”

ಬಾಯಿ ತೆರೆದೆ. ಹೇಳಿದರೆ ಅಕ್ಕನ ಮಗನನ್ನು ಮತ್ತೆ ಕರೆಸುತ್ತಾರೆ. ಮೇಷ್ಟ್ರ ಮನೆಗೆ, ಡ್ರೈವರನ ಮನೆಗೆ ಫೋನು ಹೋಗುತ್ತದೆ. ಹೇಳದಿದ್ದರೆ ಅವನು ಸ್ಟೋರಿನಲ್ಲೇ, ಅಪ್ಪನ ಕೈ ಹೀಗೇ.

“ನನ್ನೊಬ್ಬಳದೇ ಮಾತಾಗಿದ್ದರೆ ಹೇಳ್ತಿದ್ದೆ” ಎಂದು ಎದ್ದು ಬಂದೆ.


ಮಾರ್ಚ್ 16, ಭಾನುವಾರ. ಬೆಳಿಗ್ಗೆ

ಬಿಳಿ ಹಾಳೆ ತೆಗೆದುಕೊಂಡು ಅಪ್ಪನ ಎದುರು ಕುಳಿತೆ. ಇಪ್ಪತ್ತು ಪ್ರಶ್ನೆ ಬಾಯಿಪಾಠವಾಗಿತ್ತು.

“ತುರಿಕೆ?”

“ಮೊದಲು ಆ ಬಾಟಲಿ ಗೆರೆ ಅಳಿಸು.”

ಅಪ್ಪ ದಿನಕ್ಕೆ ಅರ್ಧ ಲೀಟರ್ ಮಾತ್ರ ಕುಡಿಯಬೇಕಾದ ನೀರಿನ ಬಾಟಲಿಗೆ ಗಂಟೆಗೊಂದು ಗೆರೆ ಎಳೆದಿದ್ದೇನೆ. ಕೆಂಪು ಮಸಿಯಲ್ಲಿ.

“ಅಪ್ಪಾ, ನೀರು ಜಾಸ್ತಿ ಆದ್ರೆ...”

“ಗೊತ್ತು ಕಣೆ. ನನ್ನ ಮೈ ಅದು. ಅರ್ಧ ಲೀಟರ್ ದಾಟಲ್ಲ. ಆದ್ರೆ ಯಾವ ಗುಟುಕು ಯಾವಾಗ ಅಂತ ನಾನು ನೋಡ್ಕೋತೀನಿ. ಸ್ವಾತಂತ್ರ್ಯದ ಮೇಲೆ ಅಷ್ಟು ಕರಪತ್ರ ಓದ್ತೀಯ, ಅಪ್ಪನಿಗೆ ಒಂದು ಗುಟುಕಿನಷ್ಟಾದ್ರೂ ಉಳಿಸಬಾರದಾ? ತುರಿಕೆ ನಾಲ್ಕು ಅಂತ ಬರೆದ್ರೆ ಫ್ಯಾನ್ ಬಿಚ್ಚೋದೂ ನಿಲ್ಲಿಸ್ತೀಯ ಅಂತ ಹೆದರಿಕೆ ನನಗೆ.”

ಅಳಿಸಿದೆ. ಸ್ಪಿರಿಟ್ ಹಾಕಿ ಉಜ್ಜಬೇಕಾಯಿತು.

“ಈಗ ಬರ್ಕೋ. ತುರಿಕೆ ನಾಲ್ಕು. ನಿದ್ರೆ ನಾಲ್ಕು. ಕಾಲು ಮೂರು. ದಣಿವು, ಮೆಶಿನ್ ದಿನ ನಾಲ್ಕು, ಮಾರನೇ ದಿನ ಎರಡು. ಅದಕ್ಕೆ ಅವರ ಫಾರ್ಮಲ್ಲಿ ಜಾಗವೇ ಇಲ್ಲ ನೋಡು. ಬೇಸರ...” ನಿಂತ. “ಬೇಸರ ಒಂದು. ಕೆಲಸ ಇದ್ದಾಗ ಒಂದು.”

ಒಂದು ಎಂದದ್ದು ನಿಜವೋ, ನನ್ನ ಮುಖ ನೋಡಿ ಇಳಿಸಿದ ಲೆಕ್ಕವೋ? ಗೊತ್ತಿಲ್ಲ. ಹೇಳಿದಂತೆ ಬರೆದುಕೊಂಡೆ.

ಸಂಜೆ

ಅಪ್ಪ ಉಳಿದ ಮೂವರಿಗೂ ಫೋನು ಮಾಡಿದ. ಒಬ್ಬೊಬ್ಬರ ಹತ್ತಿರ ಅರ್ಧರ್ಧ ಗಂಟೆ. ಡ್ರೈವರ್ ಕೂಗಾಡಿದ್ದು ನನಗೂ ಕೇಳಿಸಿತು. “ನಿನ್ನ ಮಗಳು ಹಚ್ಚಿದ ಬೆಂಕಿಗೆ ನಾವು ನೀರು ಹೊರಬೇಕಾ? ನಮಗೆ ಇರೋದೇ ಅರ್ಧ ಲೀಟರ್!” ಅಪ್ಪ ನಕ್ಕ. ಅವನೂ ನಕ್ಕನೇನೋ. ಕೊನೆಗೆ ಒಪ್ಪಿದ.

ಅಕ್ಕನೇ ತೀರ್ಮಾನ ಹೇಳಿದ್ದು. ನಿಜ ಹೇಳೋಣ, ಆದರೆ ಒಂದು ಷರತ್ತು: ಯಾರ ಮೈಯೋ ಅವರನ್ನು ಕೇಳದೆ ಮನೆಗೆ ಫೋನು ಹೋಗಬಾರದು. ಅದನ್ನು ಡಾಕ್ಟರು ಬರೆದುಕೊಡಬೇಕು. ಮಲಗಿಕೊಂಡು ಕೇಳುವ ಮಾತಲ್ಲ, ಮೆಶಿನ್ ಇಲ್ಲದ ದಿನ ನಿಂತುಕೊಂಡು ಕೇಳುವುದು ಎಂದರಂತೆ.

ಷರತ್ತನ್ನು ನಾನು ಚೆನ್ನಾಗಿ ಬರೆದುಕೊಡುತ್ತೇನೆ ಎಂದೆ. ಅಪ್ಪ ಬೇಡ ಎಂದ. ಮೇಷ್ಟ್ರು ಬರೆಯುತ್ತಾರೆ, ನಾಳೆ ಅವರ ಬಲಗೈ ಬಿಡುವಾದ ಮೇಲೆ.

“ನಿನಗೆ ಬೇರೆ ಕೆಲಸ ಇದೆ. ಎಲ್ಲರಿಗಿಂತ ಮೊದಲು ನೀನು ಮಾತಾಡಬೇಕು, ತಪ್ಪು ನಂದು ಅಂತ. ಅವನ ಎದುರಿಗೇ. ಮಂಗಳವಾರಕ್ಕೆ ಡಾಕ್ಟರನ್ನ ಕೇಳಿದೀನಿ, ಅವನನ್ನೂ ಕರೆಸ್ತಾರೆ.”

ಡಾಕ್ಟರು ಒಪ್ಪುತ್ತಾರೋ, ಒಪ್ಪಿದ ಹಾಗೆ ಮಾಡುತ್ತಾರೋ... ನಂಬಿಕೆ ಇಲ್ಲ. ಹೋಗುತ್ತೇನೆ.

ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಡಾಕ್ಟರ ಕೋಣೆ. ನಾವು ಐದು ಜನ, ಮತ್ತು ಅವನು. ಮೊದಲ ಮಾತು ನನ್ನದು.